ಶರಾವತಿ ಕಣಿವೆಗೆ ಎರಡು ದಿನದ ಪ್ಯಾಕೇಜ್ ತಗೊಳ್ಳುವ ಮುಂಚೆ ‘ಯಾವ ದಂಡೆ?’ ಅಂತ ಕೇಳಿ

ಹೋದ ವಾರ ಆಫೀಸಿನ ಗೆಳತಿಯೊಬ್ಬಳು ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಕಳಿಸಿದಳು. ಶರಾವತಿ ಕಣಿವೆ, 2 ದಿನ, 9 ಜಾಗ, ಹಿನ್ನೀರಿನ ಎದುರಿಗೇ ಹೋಂಸ್ಟೇ, ಗಾಡಿ ಊಟ ಎಲ್ಲಾ ಸೇರಿ. ‘ಹೋಗಬಹುದೇನೇ?’ ಅಂತ ಕೆಳಗೆ ಕೇಳಿದ್ದಳು. ಫೋಟೋ ನೋಡಿದೆ. ಮರದ ಜಗುಲಿ, ಎದುರಿಗೆ ನೀಲಿ ನೀರು, ಒಂದು ಜೋಕಾಲಿ, ಜೋಕಾಲಿಯ ಮೇಲೆ ಹಳದಿ ದಿಂಬು. ಆ ದಿಂಬು ನನಗೆ ಚೆನ್ನಾಗಿ ಗೊತ್ತು. 2024ರಲ್ಲಿ ಅದನ್ನೇ ನೋಡಿ 18,500 ರೂಪಾಯಿ ಕಳಿಸಿದವಳು ನಾನು. ಆ ಜೋಕಾಲಿ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಾವು ನಾಲ್ಕು ಜನ. ನಾನು, ನನ್ನವರು, ಏಳು ವರ್ಷದ ಮಗಳು, ಅತ್ತೆ. ಅತ್ತೆಗೆ ಮಂಡಿನೋವು. ಅವರಿಗೆ ಬೇಕಿದ್ದದ್ದು ಸಿಗಂದೂರು ಚೌಡೇಶ್ವರಿಯ ದರ್ಶನ, ಅಷ್ಟೇ. ಮಗಳಿಗೆ ಜೋಗ ಬೇಕಿತ್ತು. ನನಗೆ ಜೋಕಾಲಿ. ನನ್ನವರಿಗೆ ನಿದ್ದೆ. ಜುಲೈ ಮೊದಲ ವಾರಾಂತ್ಯಕ್ಕೆ ತಾಳಗುಪ್ಪ ರೈಲಿಗೆ ಟಿಕೆಟ್ ಸಿಕ್ಕಿತು. ಮಿಕ್ಕಿದ್ದನ್ನೆಲ್ಲಾ ಪ್ಯಾಕೇಜಿನವನು ನೋಡಿಕೊಳ್ಳುತ್ತಾನೆ ಅಂದುಕೊಂಡೆವು.

ಅವನು ಕೊಟ್ಟ ಪಟ್ಟಿ ಹೀಗಿತ್ತು. ಮೊದಲ ದಿನ ಜೋಗ, ಲಿಂಗನಮಕ್ಕಿ ಅಣೆಕಟ್ಟು, ಹೊನ್ನೆಮರಡು, ಸಿಗಂದೂರು, ಹಿನ್ನೀರಿನಲ್ಲಿ ಸೂರ್ಯಾಸ್ತ. ಎರಡನೇ ದಿನ ಇಕ್ಕೇರಿ, ಕೆಳದಿ, ಘಟ್ಟ ಇಳಿದು ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮುರುಡೇಶ್ವರ, ಮತ್ತೆ ಘಟ್ಟ ಹತ್ತಿ ರಾತ್ರಿ ರೈಲು. ಸೂರ್ಯಾಸ್ತವನ್ನೂ ಒಂದು ಜಾಗ ಅಂತ ಎಣಿಸಿದರೆ ಸರಿಯಾಗಿ ಒಂಬತ್ತು. ಜುಲೈ ತಿಂಗಳ ಮಲೆನಾಡಿನಲ್ಲಿ ಸೂರ್ಯಾಸ್ತ! ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಾಗರದಿಂದ ಹೊನ್ನಾವರಕ್ಕೆ ಒಂದು ಕಡೆಗೇ ತೊಂಬತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ, ಅದೂ ಮಾಳೆಮನೆ ಘಟ್ಟದ ತಿರುವುಗಳಲ್ಲಿ. ಬೆಂಗಳೂರಿನಲ್ಲಿ ಕೂತು ನೋಡಿದರೆ ಎಲ್ಲಾ ಅಂಗೈ ಅಗಲದ ಮ್ಯಾಪಿನೊಳಗೆ ಇತ್ತು.

ಮೊದಲು ಅರ್ಧ ಅಡ್ವಾನ್ಸ್ ಅಂದ. ಆಮೇಲೆ, ಶುಕ್ರವಾರದೊಳಗೆ ಪೂರ್ತಿ ಕೊಟ್ಟರೆ ಎರಡು ಸಾವಿರ ಕಡಿಮೆ ಅಂದ. ಯುಪಿಐನಲ್ಲಿ ಬಂದ ಹೆಸರಿಗೂ ಪೇಜಿನ ಹೆಸರಿಗೂ ಸಂಬಂಧವೇ ಇರಲಿಲ್ಲ. ‘ನಮ್ಮ ಅಕೌಂಟೆಂಟ್ ಮೇಡಂ ಅವರು’ ಅಂದ. ಹೌದಾ ಅಂತ ಕಳಿಸಿಬಿಟ್ಟೆ.

ಬೆಳಿಗ್ಗೆ ಸಾಗರದ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ಗಾಡಿ ಬಂದದ್ದು ಒಂದೂವರೆ ಗಂಟೆ ತಡವಾಗಿ. ಓಡಿಸುವ ಹುಡುಗ ಒಳ್ಳೆಯವನು, ಅದನ್ನು ಹೇಳಲೇಬೇಕು. ಲಿಂಗನಮಕ್ಕಿ, ಹೊನ್ನೆಮರಡು ಅಂತ ನಾನು ಪಟ್ಟಿ ಓದುತ್ತಾ ಹೋದ ಹಾಗೆ ಅವನ ಮುಖ ಸಣ್ಣದಾಯಿತು. ‘ಅಕ್ಕ, ನಂಗೆ ಅದೆಲ್ಲ ಹೇಳಿಲ್ಲ’ ಅಂತ ಫೋನ್ ತಿರುಗಿಸಿ ತೋರಿಸಿದ. ಸ್ಟೇಷನ್, ಜೋಗ, ಹೊಳೆಬಾಗಿಲು ಡ್ರಾಪ್, 2,200. ಒಂದೇ ಸಾಲು. ಹಿಂದಿನ ರಾತ್ರಿ 10:40ಕ್ಕೆ ಬಂದಿತ್ತು. ಆ ಹೊತ್ತಿಗೆ ನಾವು ಬ್ಯಾಗ್ ಹಿಡಿದು ಮನೆಯಿಂದ ಹೊರಟಾಗಿತ್ತು.

ಜೋಗಕ್ಕೆ ಹೋದೆವು. 830 ಅಡಿ ಎತ್ತರ, ರಾಜ, ರಾಣಿ, ರೋರರ್, ರಾಕೆಟ್ ಅಂತ ಮಗಳು ರೈಲಿನಲ್ಲೇ ಬಾಯಿಪಾಠ ಮಾಡಿದ್ದಳು. ಕಟಕಟೆ ಹತ್ತಿರ ನಿಂತರೆ ಎದುರಿಗೆ ಬಿಳಿ ಗೋಡೆ. ಕೈಚಾಚಿದರೆ ತಾಗುವಷ್ಟು ಹತ್ತಿರ ಮಂಜು. ಒಳಗಿನಿಂದ ಸದ್ದು ಮಾತ್ರ ಬರುತ್ತಿತ್ತು, ಯಾರೋ ಲಾರಿಯಿಂದ ಜಲ್ಲಿ ಸುರಿಯುತ್ತಲೇ ಇದ್ದಾರೆ ಅನ್ನುವ ಹಾಗೆ. ‘ಅಮ್ಮ, ಇದರಲ್ಲಿ ರಾಣಿ ಯಾವುದು?’ ಅಂದಳು. ಜೋಳ ಸುಡುತ್ತಿದ್ದ ಹೆಂಗಸು ನಮ್ಮನ್ನು ನೋಡಿ ನಕ್ಕರು. ‘ತಡೀರಿ, ಗಾಳಿ ಬಂದ್ರೆ ಸರಿಯತ್ತೆ. ಒಂದ್ಸಲ ಎರಡು ಗಂಟೆ ಆಗತ್ತೆ, ಒಂದ್ಸಲ ಎರಡೇ ನಿಮಿಷ.’ ನಮಗೆ ಪಟ್ಟಿಯಲ್ಲಿದ್ದದ್ದು ನಲವತ್ತು ನಿಮಿಷ. ಹೊರಡುವ ಹೊತ್ತಿಗೆ ಮಂಜು ಒಂದು ಮೂಲೆಯಲ್ಲಿ ಹರಿದು ಸ್ವಲ್ಪ ಕಲ್ಲು, ಸ್ವಲ್ಪ ನೀರು ಕಂಡು ಮುಚ್ಚಿಕೊಂಡಿತು.

ಇಲ್ಲೊಂದು ವಿಷಯ ಹೇಳಬೇಕು. ಜಾಹೀರಾತಿನ ವಿಡಿಯೋದಲ್ಲಿ ಜೋಗ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಕೆಂಪು ನೀರಾಗಿ ಧುಮುಕುತ್ತಿತ್ತು. ಅದು ಅಣೆಕಟ್ಟಿನ ಗೇಟು ತೆರೆದ ದಿನದ ದೃಶ್ಯ. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಕಟ್ಟಿದ ಮೇಲೆ ನದಿಯ ನೀರು ಅಲ್ಲೇ ನಿಂತು ಕರೆಂಟಿಗೆ ಹೋಗುತ್ತದೆ. ಅಣೆಕಟ್ಟಿನ ಕೆಳಗೆ ಬಿದ್ದ ಮಳೆ ನೀರು ಮಾತ್ರ ಸೀದಾ ಜೋಗಕ್ಕೆ ಬರುತ್ತದೆ. ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಮಟ್ಟ ಹಾಕುತ್ತಾರೆ. ಅದು 1819ಕ್ಕೆ ಹತ್ತಿರ ಬಂದು, ಗೇಟು ತೆರೆಯುವ ಸುದ್ದಿ ಬಂದರೆ ಮಾತ್ರ ಆ ವಿಡಿಯೋ ನಿಮ್ಮ ಪಾಲಿಗೂ ನಿಜವಾದೀತು. ಎಲ್ಲಾ ವರ್ಷ ತುಂಬುವುದೂ ಇಲ್ಲ. ಜುಲೈಗಿಂತ ಸೆಪ್ಟೆಂಬರ್ ಮೇಲು ಅಂತ ಈಗ ನನ್ನ ಅಭಿಪ್ರಾಯ. ಮಂಜು ಕಡಿಮೆ, ನೀರು ಇನ್ನೂ ಇರುತ್ತದೆ.

ಅಣೆಕಟ್ಟಿನ ಹತ್ತಿರ ಬಿಡಲಿಲ್ಲ. ಸುಮ್ನೆ ಹೋಗಿ ನೋಡುವ ಜಾಗವೇ ಅಲ್ಲವಂತೆ, ಅನುಮತಿ ಬೇಕು. ಹೊನ್ನೆಮರಡಿಗೆ ಹುಡುಗನಿಗೆ ಆರುನೂರು ಜಾಸ್ತಿ ಕೊಟ್ಟು ಹೋದೆವು. ಮಳೆಗೆ ನೀರಾಟ ಬಂದ್. ಗಾಡಿ ತಿರುಗಿಸಿದೆವು.

ಆಮೇಲೆ ಹೊಳೆಬಾಗಿಲು. ಅಂಬಾರಗೋಡ್ಲಿನ ಲಾಂಚ್ ದಡಕ್ಕೆ, ಅಂದರೆ ಜನ, ಗಾಡಿ ಎಲ್ಲಾ ಹಿನ್ನೀರು ದಾಟಿಸುವ ದೊಡ್ಡ ದೋಣಿ ನಿಲ್ಲುವ ಜಾಗಕ್ಕೆ, ಅಲ್ಲಿಯವರು ಹಾಗೆ ಅನ್ನುತ್ತಾರೆ. ಆಗ ಸೇತುವೆ ಇನ್ನೂ ಮುಗಿದಿರಲಿಲ್ಲ. ಕಂಬಗಳು ಮಳೆಯಲ್ಲಿ ಮಸುಕಾಗಿ ನಿಂತಿದ್ದವು. ನಾವು ತಲುಪಿದಾಗ ನಾಲ್ಕೂವರೆ ದಾಟಿತ್ತು, ಗಾಡಿಗಳ ಸಾಲು ಏರಿನವರೆಗೂ ಇತ್ತು. ‘ಹೋಂಸ್ಟೇಯಿಂದ ಸಿಗಂದೂರಿಗೆ 5 ಕಿಲೋಮೀಟರ್’ ಅಂತ ಪಟ್ಟಿಯಲ್ಲಿತ್ತಲ್ಲ, ಸಂಜೆ ದರ್ಶನ ಮುಗಿಸಿ ಐದು ಕಿಲೋಮೀಟರ್ ಬಂದು ಮಲಗುವುದು ಅಂತ ನಮ್ಮ ಲೆಕ್ಕ. ಲೊಕೇಶನ್ ತೋರಿಸಿದೆ. ಹುಡುಗ ನೋಡಿ, ‘ಅಕ್ಕ, ಈ ಮನೆ ಇರೋದು ಈ ಕಡೆ. ದೇವಸ್ಥಾನ ಆ ಕಡೆ’ ಅಂದ.

ಐದು ಕಿಲೋಮೀಟರ್ ಸುಳ್ಳಲ್ಲ. ಕಾಗೆ ಹಾರಿದರೆ ಐದೇ. ನಡುವೆ ಹಿನ್ನೀರಿದೆ, ಅಷ್ಟೇ. ದಡದಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬರು ಬಿಡಿಸಿ ಹೇಳಿದರು. ‘ಹೋಗೋಕೆ ಲಾಂಚ್ ಸಿಗತ್ತೆ. ಆ ಕಡೆ ಇಳಿದು ಜೀಪ್ ಹಿಡೀಬೇಕು. ಬರೋಕೆ ಲಾಂಚ್ ಸಿಗತ್ತೆ ಅಂತ ಹೇಳೋಕಾಗಲ್ಲ. ಗಾಳಿ ಎದ್ರೆ ನಿಲ್ಲಿಸ್ತಾರೆ. ವಯಸ್ಸಾದೋರನ್ನ ಕಟ್ಟಿಕೊಂಡು ಈಗ ಹೋಗಬೇಡಿ ಮಾರಾಯ್ರೆ.’

ಅತ್ತೆ ಏನೂ ಅನ್ನಲಿಲ್ಲ. ಗಾಡಿಯಿಂದ ಇಳಿದರು. ಸೆರಗನ್ನು ತಲೆಗೆ ಹೊದ್ದು, ಕಾಣದ ಆ ದಂಡೆಯ ಕಡೆ ತಿರುಗಿ ಕೈಮುಗಿದು ನಿಂತರು. ಪರ್ಸಿನಿಂದ ಹರಕೆಯ ನೋಟು ತೆಗೆದು ನೋಡಿ ಮತ್ತೆ ಒಳಗಿಟ್ಟರು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಪ್ಯಾಕೇಜಿನವನಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಮನೆ ಹುಡುಕಿದ್ದು ಕತ್ತಲಾದ ಮೇಲೆ. ಅಡಿಕೆ ತೋಟದ ತುದಿಯಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ಶೀಟು ಹೊದಿಸಿದ ಎರಡು ರೂಮು. ಜಗುಲಿಯೂ ಇಲ್ಲ, ಜೋಕಾಲಿಯೂ ಇಲ್ಲ. ಹಿನ್ನೀರು ಕಾಣಬೇಕಾದರೆ ಗುಡ್ಡ ಹತ್ತಬೇಕು. ಮನೆಯ ಅಮ್ಮ ಲಾಟೀನು ಹಿಡಿದು ಬಂದರು. ‘ನಮ್ಮದು ಹೋಂಸ್ಟೇ ಅಲ್ಲ ತಂಗಿ. ಮಗ ರೂಮು ಕಟ್ಟಿಸಿದಾನೆ, ಯಾರಾದ್ರೂ ಕೇಳಿದ್ರೆ ಕೊಡ್ತೀವಿ. ಯಾರೋ ನಿನ್ನೆ ಫೋನ್ ಮಾಡಿ ನಾಲ್ಕು ಜನ ಬರ್ತಾರೆ ಅಂದ. ದುಡ್ಡು ಬಂದೋರೇ ಕೊಡ್ತಾರೆ ಅಂದ.’ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ‘ಇದು ನಮ್ಮ ಕಡೆ ಮನೆಯೇ ಅಲ್ಲ’ ಅಂದರು.

ಬೈಯಲು ಬಾಯಿ ಬರಲಿಲ್ಲ. ಅವರು ಮೊದಲು ಮಾಡಿದ ಕೆಲಸ, ಮಗಳ ಕಾಲು ಬೆರಳ ಸಂದಿಯಿಂದ ಉಂಬಳ (ಜಿಗಣೆ) ಬಿಡಿಸಿದ್ದು. ಸುಣ್ಣ ತಂದು ಒಂದು ಚಿಟಿಕೆ ಇಟ್ಟರು, ಬಿತ್ತು. ಮಗಳು ಅಳುವುದನ್ನು ಮರೆತು ಅದನ್ನೇ ನೋಡುತ್ತಾ ಕೂತಳು. ಆಮೇಲೆ ಬಿಸಿ ಅನ್ನ, ಕಳಲೆ ಪಲ್ಯ, ಅಪ್ಪೆಹುಳಿ. ಇಡೀ ಪ್ರವಾಸದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿದ್ದದ್ದು ಅದೊಂದೇ, ಅದಕ್ಕೂ ಪ್ಯಾಕೇಜಿನವನಿಗೂ ಸಂಬಂಧ ಇಲ್ಲ.

ಮಾರನೇ ದಿನದ ಗಾಡಿ ಬರಲೇ ಇಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಬೆಳಿಗ್ಗೆ ಬೇಗ ದಡಕ್ಕೆ ಹೋಗಿ, ಲಾಂಚ್ ಹತ್ತಿ, ಅತ್ತೆಗೆ ದರ್ಶನ ಮಾಡಿಸಿದೆವು. ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ. ಸಂಜೆ ಇಕ್ಕೇರಿಯ ಅಘೋರೇಶ್ವರ ನೋಡಿ ರೈಲು ಹತ್ತಿದೆವು. ಒಂಬತ್ತರಲ್ಲಿ ಎರಡೂವರೆ. ಆ ಅರ್ಧ ಯಾವುದು ಅಂತ ಹೇಳಬೇಕಾಗಿಲ್ಲ. ಡ್ರೈವರ್, ಜೀಪು, ರೂಮು, ಊಟ ಅಂತ ಕೈಯಿಂದ ಮತ್ತೆ ಒಂಬತ್ತು ಸಾವಿರ ಹೋಯಿತು. ಘಟ್ಟ ಇಳಿಯದೇ ಇದ್ದದ್ದು ಒಳ್ಳೆಯದೇ ಆಯಿತೇನೋ. ಅದೇ ತಿಂಗಳ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದು ಜನ ಸತ್ತರು. ಆ ಸುದ್ದಿ ನೋಡಿದ ದಿನ ನನ್ನವರು ಸುಮ್ಮನೆ ನನ್ನ ಮುಖ ನೋಡಿದರು.

ಪ್ಯಾಕೇಜಿನವನು ಫೋನಿಗೆ ಸಿಕ್ಕಿದ್ದು ಸೋಮವಾರ. ‘ಮಳೆ ನಮ್ಮ ಕೈಲಿಲ್ಲ ಮೇಡಂ’ ಅಂದ. ಜೋಕಾಲಿ ಬಗ್ಗೆ ಕೇಳಿದೆ. ಬ್ಲಾಕ್ ಮಾಡಿದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು, ದುಡ್ಡು ಬಂದಿಲ್ಲ. ದುಡ್ಡು ಹೋದ ತಕ್ಷಣ ಕೊಡಬೇಕಿತ್ತು, ನಾವು ಅವನ ಮಾತು ಕೇಳಿಕೊಂಡು ಎರಡು ವಾರ ಕಳೆದಿದ್ದೆವು.

ಈಗ ಆ ಸೇತುವೆ ಆಗಿದೆ. 2025ರ ಜುಲೈಯಲ್ಲಿ ತೆರೆದರು, ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಸಿಗಂದೂರಿಗೆ ಸೀದಾ ಗಾಡಿಯಲ್ಲೇ ಹೋಗಬಹುದು. ಹಾಗಂತ ಹಿನ್ನೀರು ಎಲ್ಲಿಗೂ ಹೋಗಿಲ್ಲ. ಅದು ಬೆರಳು ಬಿಟ್ಟ ಕೈ ಇದ್ದ ಹಾಗೆ ಕಣಿವೆ ಕಣಿವೆಗೂ ನುಗ್ಗಿದೆ. ಒಂದು ಬೆರಳಿನ ಈ ಕಡೆಯಿಂದ ಆ ಕಡೆಗೆ ಕೂಗಿದರೆ ಕೇಳುತ್ತದೆ, ಹೋಗಲು ಅರ್ಧ ದಿನ ಬೇಕಾಗಬಹುದು. ಹಾಗಾಗಿ ರೂಮು ಹಿಡಿಯುವ ಮುಂಚೆ ಮನೆಯವರ ಹತ್ತಿರವೇ ಮಾತಾಡಿ, ಮಧ್ಯದವನ ಹತ್ತಿರ ಅಲ್ಲ. ನೀವು ನೋಡಬೇಕಾದ ಜಾಗ ನೀರಿನ ಯಾವ ದಂಡೆ, ನಿಮ್ಮ ಮನೆ ಯಾವ ದಂಡೆ ಅಂತ ಕೇಳಿ. ಮ್ಯಾಪಿನಲ್ಲಿ ಗೆರೆ ಎಳೆದು ದೂರ ನೋಡಬೇಡಿ, ದಾರಿ ಹಾಕಿಸಿ ನೋಡಿ, ತೋರಿಸಿದ ಹೊತ್ತಿಗೆ ಮಳೆಗಾಲದಲ್ಲಿ ಇನ್ನೂ ಅರ್ಧ ಸೇರಿಸಿ. ಎರಡು ದಿನಕ್ಕೆ ಮೂರು ಜಾಗ ಸಾಕು. ಜೋಗಕ್ಕೇ ಅರ್ಧ ದಿನ ಇಡಿ, ಜೋಳ ತಿನ್ನುತ್ತಾ ಮಂಜು ಸರಿಯುವುದನ್ನು ಕಾಯಿರಿ. ಕರಾವಳಿಗೆ ಬೇರೆ ಪ್ರವಾಸ ಮಾಡಿ.

ಗೆಳತಿ ಆ ಜಾಹೀರಾತಿನ ನಂಬರಿಗೆ ‘ಮನೆ ಯಾವ ದಂಡೆಯಲ್ಲಿದೆ?’ ಅಂತ ಮೆಸೇಜ್ ಹಾಕಿದ್ದಳಂತೆ. ‘ಲೇಕ್ ವ್ಯೂ ಮೇಡಂ’ ಅಂತ ಉತ್ತರ ಬಂತಂತೆ. ಅವಳಿಗೆ ಲಾಟೀನಿನ ಅಮ್ಮನ ಮಗನ ನಂಬರ್ ಕೊಟ್ಟಿದ್ದೇನೆ. ಉಂಬಳಕ್ಕೆ ಸುಣ್ಣ ಅಲ್ಲೇ ಸಿಗುತ್ತದೆ, ತಗೊಂಡು ಹೋಗಬೇಡ ಅಂತಲೂ ಹೇಳಿದ್ದೇನೆ.