ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿರುವ ಹೋಮ್‌ಸ್ಟೇಯವರೇ, ರೀಡೈರೆಕ್ಟ್ ವಿಷಯದಲ್ಲಿ ಹುಷಾರು

ಹೋಸ್ಟಿಂಗ್ ಕಂಪನಿಯವರು (ವೆಬ್‌ಸೈಟಿಗೆ ಸರ್ವರಿನಲ್ಲಿ ಜಾಗ ಕೊಡುವವರು) "ನಮ್ಮಲ್ಲಿ ಸರಿಯಾಗೇ ಓಪನ್ ಆಗ್ತಾ ಇದೆಯಲ್ಲ ಸರ್" ಅಂದ ಕೂಡಲೇ ಫೋನ್ ಇಟ್ಟುಬಿಡಬೇಡಿ. ಅವರ ಕಂಪ್ಯೂಟರಿನಲ್ಲಿ ಓಪನ್ ಆಗುವುದು ನಿಜವೇ ಇರಬಹುದು. ನಿಮ್ಮ ಗೆಸ್ಟುಗಳ ಮೊಬೈಲಿನಲ್ಲಿ ಆಗದಿರುವುದೂ ಅಷ್ಟೇ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಅನ್ನುವುದನ್ನು ಆ ಕಂಪನಿಯವರು ಕೊನೆಯವರೆಗೂ ಒಪ್ಪಲಿಲ್ಲ. ನಮ್ಮ ಅಕ್ಕ-ಭಾವನ ಹೋಮ್‌ಸ್ಟೇಯ ದಸರಾ ಸೀಸನ್ನಿನ ಬುಕಿಂಗ್ ಮುಕ್ಕಾಲು ಪಾಲು ಇದರಲ್ಲೇ ಹೋಯಿತು. ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ಕೆಲಸ ಮಾಡುವವರು ಬೇರೆ ಹೆಸರಿನಲ್ಲೂ ಬೇಕಾದಷ್ಟಿದ್ದಾರೆ.

ಅವರ ಮನೆ ಕೊಡಗಿನ ಕಕ್ಕಬ್ಬೆ ಕಡೆ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರು, ನಾಲ್ಕುನಾಡು ಅರಮನೆ ನೋಡುವವರು ಉಳಿಯುತ್ತಾರೆ. ಬುಕಿಂಗ್ ಆ್ಯಪ್‌ಗಳಿಗೆ ಕಮಿಷನ್ ಕೊಟ್ಟು ಕೊಟ್ಟು ಸಾಕಾಗಿ ಸ್ವಂತ ವೆಬ್‌ಸೈಟ್ ಮಾಡಿಸಿದ್ದರು. ಒಮ್ಮೆ ಬಂದು ಹೋದವರು ಮುಂದಿನ ಸಲ ನೇರವಾಗಿ ಅದರಲ್ಲೇ ಬುಕ್ ಮಾಡುತ್ತಿದ್ದರು. ಅದನ್ನು ಮಡಿಕೇರಿಯಿಂದ ನೋಡಿಕೊಳ್ಳುವವನು ನಾನು. ವಿಳಾಸ ಇದ್ದದ್ದು ಮುಂದೆ ಡಬ್ಲ್ಯೂಗಳಿಲ್ಲದ ಬರಿಯ ಹೆಸರು. ಯಾರಾದರೂ ಮೂರು ಡಬ್ಲ್ಯೂ ಸೇರಿಸಿ ಟೈಪ್ ಮಾಡಿದರೆ ಸರ್ವರ್ ಅವರನ್ನು ಬರಿಯ ಹೆಸರಿಗೆ ಕಳಿಸುತ್ತಿತ್ತು. ಇದಕ್ಕೇ ರೀಡೈರೆಕ್ಟ್ ಅನ್ನುವುದು. ವರ್ಷಗಟ್ಟಲೆ ಒಂದು ತಕರಾರೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯಿಂದ ಮೇಲ್ ಬಂತು: ಸರ್ವರ್ ಅಪ್‌ಗ್ರೇಡ್ ಆಗುತ್ತಿದೆ, ನೀವೇನೂ ಮಾಡಬೇಕಾಗಿಲ್ಲ. (ಈ "ನೀವೇನೂ ಮಾಡಬೇಕಾಗಿಲ್ಲ" ಅನ್ನುವ ಮೇಲ್ ಬಂದರೆ ಆವತ್ತೇ ಒಂದು ಬ್ಯಾಕಪ್ ಇಳಿಸಿಕೊಳ್ಳಿ.) ಆಮೇಲೆ ಭಾವನ ಫೋನು: "ಎಂತ ಮಾರಾಯ, ವೆಬ್‌ಸೈಟ್ ಬರುವುದೇ ಇಲ್ಲ ಅಂತಾರಲ್ಲ ಬೆಂಗಳೂರಿನವರು." ನಮ್ಮಲ್ಲಿ ಏನು ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಮಳೆ, ಆಮೇಲೆ ಟವರ್. ಆದರೆ ದೂರುತ್ತಿದ್ದವರು ಬೆಂಗಳೂರಿನ ಫ್ಲ್ಯಾಟಿನಲ್ಲಿ ಫೈಬರ್ ಹಾಕಿಸಿಕೊಂಡು ಕೂತವರು. ಅವರ ಕ್ರೋಮ್ ಹೇಳುತ್ತಿದ್ದದ್ದು "ಟೂ ಮೆನಿ ರೀಡೈರೆಕ್ಟ್ಸ್" ಅಂತ. ಅದೇ ಲ್ಯಾಪ್‌ಟಾಪಿನ ಫೈರ್‌ಫಾಕ್ಸಿನಲ್ಲಿ ನೋಡಿ ಅಂದರೆ ಸಲೀಸಾಗಿ ತೆರೆಯುತ್ತಿತ್ತು. ಇನ್ನೂ ವಿಚಿತ್ರ ಅಂದರೆ, ಮೊದಲ ಸಲ ನೋಡುವವರಿಗೆ ಯಾವ ಬ್ರೌಸರಿನಲ್ಲೂ ತೊಂದರೆ ಇಲ್ಲ. ಹಿಂದೆ ಬಂದು ಉಳಿದು ಹೋಗಿದ್ದವರಿಗೇ ಬಾಗಿಲು ಮುಚ್ಚಿತ್ತು.

ಆದದ್ದು ಇಷ್ಟು. ಹೊಸ ಸರ್ವರಿಗೆ ಸಾಗಿಸುವಾಗ ಕಂಪನಿಯವರು ದಿಕ್ಕನ್ನೇ ತಿರುಗಿಸಿಬಿಟ್ಟಿದ್ದರು. ಬರಿಯ ಹೆಸರಿಗೆ ಬಂದವರನ್ನು ಮೂರು ಡಬ್ಲ್ಯೂ ಇರುವ ವಿಳಾಸಕ್ಕೆ ಕಳಿಸುವ ಹಾಗೆ ಮಾಡಿದ್ದರು. ಅದಕ್ಕೆ ಹೊಂದುವಂತೆ, ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಒಳಗಿನ ವಿಳಾಸವನ್ನೂ ಬದಲಿಸಿದ್ದರು, ನಮಗೆ ಒಂದು ಮಾತು ಹೇಳದೆ. ಇದರಲ್ಲೇನು ತಪ್ಪು ಅನ್ನಿಸಬಹುದು. ತಪ್ಪಿರುವುದು 301 ಅನ್ನುವ ಸಂಖ್ಯೆಯಲ್ಲಿ.

ಸರ್ವರ್ ಒಬ್ಬರನ್ನು ಬೇರೆ ವಿಳಾಸಕ್ಕೆ ಕಳಿಸುವಾಗ ಒಂದು ಸಂಖ್ಯೆ ಜೊತೆಗೆ ಹೋಗುತ್ತದೆ. 302 ಅಂದರೆ ತಾತ್ಕಾಲಿಕ. ಮುಂದಿನ ಸಲವೂ ಬ್ರೌಸರ್ ಬಂದು ಕೇಳುತ್ತದೆ. 301 ಅಂದರೆ ಶಾಶ್ವತ. ಎಷ್ಟು ದಿನ ನೆನಪಿಟ್ಟುಕೊಳ್ಳಬೇಕು ಅಂತ ಜೊತೆಯಲ್ಲಿ ಹೇಳದಿದ್ದರೆ, ಬ್ರೌಸರ್ ಅದನ್ನು ತನ್ನ ಕ್ಯಾಶಿನಲ್ಲಿ (ನೆನಪಿನ ಗೂಡಿನಲ್ಲಿ) ಇಟ್ಟುಕೊಂಡು ಮುಂದೆ ಸರ್ವರನ್ನು ಕೇಳದೆಯೇ ಅತ್ತ ಹೋಗಬಹುದು. ಹಳೆಯ ಗೆಸ್ಟುಗಳ ಕ್ರೋಮಿನಲ್ಲಿ "ಡಬ್ಲ್ಯೂ ಇದ್ದರೆ ಬರಿಯ ಹೆಸರಿಗೆ ಹೋಗು" ಅನ್ನುವ ಹಳೆಯ 301 ಕೂತಿತ್ತು. ಹೊಸ ಸರ್ವರ್ "ಬರಿಯ ಹೆಸರಾದರೆ ಡಬ್ಲ್ಯೂಗೆ ಹೋಗು" ಅನ್ನುತ್ತಿತ್ತು, ಅದೂ 301. ಕೂಡು ರಸ್ತೆಯ ಒಂದು ಬೋರ್ಡು ಭಾಗಮಂಡಲ ಆ ಕಡೆ ಅಂತಲೂ, ಆ ಕಡೆ ಹೋದರೆ ಅಲ್ಲಿರುವ ಬೋರ್ಡು ಬಂದ ದಾರಿಯನ್ನೇ ತೋರಿಸುತ್ತಲೂ ಇದ್ದರೆ ಹೇಗೋ ಹಾಗೆ. ಕ್ರೋಮ್ 20 ಸಲ ಹೀಗೆ ಸುತ್ತಿ ಕೈಚೆಲ್ಲುತ್ತದೆ. ಫೈರ್‌ಫಾಕ್ಸಿಗೆ ಒಂದು ಜಾಣತನ ಇದೆ: ಕ್ಯಾಶಿನಲ್ಲಿರುವ ರೀಡೈರೆಕ್ಟುಗಳೇ ಸುತ್ತು ಹೊಡೆಸುತ್ತಿವೆ ಅಂತ ಗೊತ್ತಾದರೆ ಕ್ಯಾಶ್ ಬಿಟ್ಟು ಸರ್ವರನ್ನೇ ಮತ್ತೆ ಕೇಳುತ್ತದೆ. ಅದಕ್ಕೇ ಅಲ್ಲಿ ತೆರೆಯುತ್ತಿತ್ತು. ಸಪೋರ್ಟಿನ ಹುಡುಗ ನಮ್ಮ ಸೈಟನ್ನು ಹಿಂದೆ ಎಂದೂ ನೋಡಿದವನಲ್ಲ, ಹಾಗಾಗಿ ಅವನಿಗೂ ತೆರೆಯುತ್ತಿತ್ತು.

"ಕ್ಯಾಶ್ ಕ್ಲಿಯರ್ ಮಾಡಲು ಹೇಳಿ ಸರ್" ಅನ್ನುವುದೊಂದೇ ಅವನ ಉತ್ತರ. ಯಾರಿಗೆ ಹೇಳುವುದು? ದಸರಾ ರಜೆಗೆ ಎಲ್ಲಿ ಹೋಗೋಣ ಅಂತ ಹುಡುಕುತ್ತಿರುವ ಗೆಸ್ಟು ನಮ್ಮ ಸೈಟ್ ಬರಲಿಲ್ಲ ಅಂತ ಕೂತು ಸೆಟ್ಟಿಂಗ್ಸ್ ತೆರೆಯುತ್ತಾರೆಯೇ? ಹಿಂದಕ್ಕೆ ಒತ್ತಿ ಪಕ್ಕದ ಹೋಮ್‌ಸ್ಟೇಗೆ ಹೋಗುತ್ತಾರೆ. ಫೋನ್ ಮಾಡಿ ತಿಳಿಸಿದವರು ಅಕ್ಕನ ಅಕ್ಕಿ ರೊಟ್ಟಿ ಮರೆಯದ ಕೆಲವರು ಅಷ್ಟೇ.

ಜಗಳ ಜೋರಾದ ಮೇಲೆ "ಫಿಕ್ಸ್ ಆಗಿದೆ" ಅಂತ ಟಿಕೆಟ್ ಮುಚ್ಚಿದರು. ಅವರು ಮಾಡಿದ್ದು ಮಾಸ್ಕಿಂಗ್ ಇರುವ ಫಾರ್ವರ್ಡಿಂಗ್. ಅಂದರೆ ವಿಳಾಸದ ಪಟ್ಟಿಯಲ್ಲಿ ನಮ್ಮ ಹೆಸರೇ ಕಾಣುತ್ತದೆ, ಒಳಗೆ ಒಂದು ಫ್ರೇಮಿನಲ್ಲಿ ಕಂಪನಿಯ ಯಾವುದೋ ತಾತ್ಕಾಲಿಕ ವಿಳಾಸದಿಂದ ಪುಟ ಬರುತ್ತದೆ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಹಳೆಯ ಗೆಸ್ಟುಗಳ ಕ್ರೋಮಿನಲ್ಲಿ ಅಷ್ಟು ಹೊತ್ತಿಗೆ ಎರಡೂ ದಿಕ್ಕಿನ 301 ಸೇರಿಕೊಂಡಿದ್ದರಿಂದ ಅದು ಸರ್ವರಿನ ತನಕ ಬರುತ್ತಲೇ ಇರಲಿಲ್ಲ. ಸರ್ವರಿನಲ್ಲಿ ಏನು ಬದಲಿಸಿದರೂ ಅವರಿಗೆ ತಲುಪುವ ಹಾಗಿಲ್ಲ. ಅದರ ಮೇಲೆ ಹೊಸ ತೊಂದರೆ: ಐಫೋನಿನವರು ತಾರೀಕು, ಎಷ್ಟು ಜನ ಅಂತೆಲ್ಲ ತುಂಬಿ ಮುಂದಕ್ಕೆ ಒತ್ತಿದರೆ ಫಾರಂ ಮತ್ತೆ ಖಾಲಿ.

ಐಫೋನಿನ ಬ್ರೌಸರ್ ಆದ ಸಫಾರಿ 2020ರ ಮಾರ್ಚಿನಿಂದ ಥರ್ಡ್ ಪಾರ್ಟಿ ಕುಕಿಗಳನ್ನು (ಮೇಲೆ ಕಾಣುವ ಸೈಟ್ ಬಿಟ್ಟು ಬೇರೆ ವಿಳಾಸ ಬ್ರೌಸರಿನಲ್ಲಿ ಇಡುವ ಗುರುತುಗಳನ್ನು) ಪೂರ್ತಿ ತಡೆಯುತ್ತದೆ. ಮೇಲೆ ನಮ್ಮ ಹೆಸರು, ಫ್ರೇಮಿನೊಳಗೆ ಕಂಪನಿಯ ವಿಳಾಸ ಇದ್ದರೆ ನಮ್ಮದೇ ಬುಕಿಂಗ್ ಫಾರಂ ಸಫಾರಿಯ ಕಣ್ಣಿಗೆ ಥರ್ಡ್ ಪಾರ್ಟಿ. ಅದರ ಕುಕಿ ಉಳಿಯುವುದಿಲ್ಲ, ತುಂಬಿದ ವಿವರ ಮುಂದಿನ ಪುಟಕ್ಕೆ ಹೋಗುವುದಿಲ್ಲ. "ಐಫೋನಿನಲ್ಲಿ ಕ್ರೋಮ್ ಹಾಕಿಕೊಳ್ಳಲಿ" ಅಂದರು ಸಪೋರ್ಟಿನವರು. ನಮ್ಮ ದೇಶದ ಐಫೋನುಗಳಲ್ಲಿ ಕ್ರೋಮ್ ಒಳಗೂ ಇರುವುದು ಸಫಾರಿಯ ಎಂಜಿನ್ ಆದ ವೆಬ್‌ಕಿಟ್ಟೇ ಅಂತ ಹೋಸ್ಟಿಂಗ್ ಮಾರುವವರಿಗೆ ನಾನು ಹೇಳಿಕೊಡಬೇಕಾಯಿತು. ಮಾಸ್ಕಿಂಗ್ ಅನ್ನುವ ಸೌಲಭ್ಯವನ್ನು ಯಾರಾದರೂ ಪುಕ್ಕಟೆ ಕೊಡುತ್ತೇವೆ ಅಂದರೂ ಬೇಡ ಅನ್ನಿ.

ಕುಶಾಲನಗರದಲ್ಲಿ ಕಾಫಿ ಪುಡಿ ಮಾರುವ ನಮ್ಮ ಪರಿಚಯದವರದ್ದು ಇನ್ನೊಂದು ಬಗೆ. ಅವರ ಎಸ್‌ಎಸ್‌ಎಲ್ ಸರ್ಟಿಫಿಕೇಟಿನಲ್ಲಿ (ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಪತ್ರ) ಇದ್ದದ್ದು ಡಬ್ಲ್ಯೂ ಇರುವ ಹೆಸರು ಮಾತ್ರ. ಬರಿಯ ಹೆಸರಿಗೆ ಬಂದರೆ ರೀಡೈರೆಕ್ಟ್ ಮಾಡುತ್ತೇವಲ್ಲ ಅನ್ನುವುದು ಕಂಪನಿಯ ವಾದ. ಆದರೆ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್‌ನಲ್ಲಿ ಮೊದಲು ಸರ್ಟಿಫಿಕೇಟ್ ತಪಾಸಣೆ, ಅದು ದಾಟಿದ ಮೇಲೆ ರೀಡೈರೆಕ್ಟ್. ಕ್ರೋಮ್ 2021ರಲ್ಲಿ, 90ನೇ ಆವೃತ್ತಿಯಿಂದ, ಬರೀ ಹೆಸರು ಟೈಪ್ ಮಾಡಿದರೂ ಮೊದಲು ಎಚ್‌ಟಿಟಿಪಿಎಸ್ಸನ್ನೇ ಪ್ರಯತ್ನಿಸುತ್ತದೆ. ಎಚ್‌ಟಿಟಿಪಿಎಸ್ ಇರುವ ಹಳೆಯ ಲಿಂಕ್ ಒತ್ತಿ ಬಂದ ಕೆಲವರಿಗಂತೂ ಕೆಂಪು ಎಚ್ಚರಿಕೆ ನೇರ ಮುಖಕ್ಕೆ. ಎರಡೂ ಹೆಸರು ಸರ್ಟಿಫಿಕೇಟಿನಲ್ಲಿ ಇವೆಯಾ ಅಂತ ಮೊದಲೇ ಕೇಳಿ.

ನಿಮ್ಮ ಸೈಟಿಗೂ ಹೀಗಾಗಿದೆ ಅನ್ನಿಸಿದರೆ ಸಪೋರ್ಟಿಗೆ ಬರೀ "ಓಪನ್ ಆಗ್ತಿಲ್ಲ" ಅಂತ ಬರೆಯಬೇಡಿ. ಕಂಪ್ಯೂಟರ್ ಗೊತ್ತಿರುವ ಹುಡುಗರು ಯಾರಾದರೂ ಇದ್ದರೆ ಕರ್ಲ್ ಅನ್ನುವ ಕಮಾಂಡ್ ಹೊಡೆಸಿ. ಅದು ಬ್ರೌಸರಿನ ಕ್ಯಾಶನ್ನು ಮುಟ್ಟದೆ ಸರ್ವರ್ ಕೊಡುವ ಉತ್ತರವನ್ನಷ್ಟೇ ತೋರಿಸುತ್ತದೆ: 301ಆ, 302ಆ, ಎಲ್ಲಿಗೆ ಕಳಿಸುತ್ತಿದೆ. ನಾಲ್ಕು ವಿಳಾಸಕ್ಕೂ ನೋಡಬೇಕು, ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಡಬ್ಲ್ಯೂ ಇದ್ದು ಮತ್ತು ಇಲ್ಲದೆ. ಅದನ್ನೂ ಗೆಸ್ಟು ಕಳಿಸಿದ ಸ್ಕ್ರೀನ್‌ಶಾಟನ್ನೂ ಜೊತೆಗಿಟ್ಟು ಕಳಿಸಿದರೆ "ನಮ್ಮಲ್ಲಿ ಆಗ್ತಿದೆ" ಅನ್ನುವ ಉತ್ತರಕ್ಕೆ ಜಾಗ ಇರುವುದಿಲ್ಲ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು, ಮಾಮೂಲಿ ಕಿಟಕಿಯಲ್ಲಿ ತೆರೆಯದಿದ್ದರೆ ಬಹುಮಟ್ಟಿಗೆ ಕ್ಯಾಶಿನದ್ದೋ ಕುಕಿಯದ್ದೋ ಕಾಟ.

ನಾವು ಕೊನೆಗೆ ಹೋಸ್ಟಿಂಗ್ ಬದಲಿಸಿದೆವು. ಹೊಸಬರ ಹತ್ತಿರ ಎರಡೂ ವಿಳಾಸಕ್ಕೆ ರೀಡೈರೆಕ್ಟ್ ಇಲ್ಲದೆ ನೇರವಾಗಿ ಪುಟ ಬರುವ ಹಾಗೆ ಮಾಡಿಸಿ, ಗೂಗಲ್ಲಿಗೆ ಯಾವುದು ಮುಖ್ಯ ಅಂತ ತಿಳಿಸಲು ಕ್ಯಾನಾನಿಕಲ್ ಟ್ಯಾಗ್ ಹಾಕಿಸಿದೆ. ಯಾವ ದಿಕ್ಕಿಗೆ ಕಳಿಸಿದರೂ ಯಾರದ್ದೋ ಒಂದು ಕ್ರೋಮ್ ಸುತ್ತು ಹೊಡೆಯುವ ಸ್ಥಿತಿಯಲ್ಲಿ ಉಳಿದ ದಾರಿ ಅದೊಂದೇ. ಎರಡೂ ದಿಕ್ಕು ಕ್ಯಾಶಿನಲ್ಲಿ ಕೂತವರಿಗೆ ಅದೂ ಸಾಲದು. ಬ್ರೌಸರ್ ನೆನಪಿಡುವುದು ಪೂರ್ತಿ ವಿಳಾಸವನ್ನು ಆದ್ದರಿಂದ, ಹಿಂದೆ ಯಾರೂ ತೆರೆಯದ ಹೊಸ ಪುಟವೊಂದನ್ನು ಮಾಡಿ, ಅದರ ಲಿಂಕನ್ನೇ ಗೂಗಲ್ ಮ್ಯಾಪಿನಲ್ಲಿ ಹಾಕಿ, ಹಳೆಯ ಗೆಸ್ಟುಗಳಿಗೆ ಭಾವ ವಾಟ್ಸ್‌ಆ್ಯಪ್ ಮಾಡಿದರು. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ಅದರಿಂದ ಬುಕಿಂಗ್ ಬರತೊಡಗಿತು. ದಸರಾದ್ದು ಹೋದದ್ದು ಹೋಯಿತು. ಪರಿಹಾರ ಕೇಳಿದ್ದಕ್ಕೆ ನಿಯಮಾವಳಿಯ ಲಿಂಕ್ ಕಳಿಸಿದರು.

ಡೊಮೇನನ್ನೂ (ಸೈಟಿನ ಹೆಸರು) ಹೋಸ್ಟಿಂಗನ್ನೂ ಒಂದೇ ಕಂಪನಿಯಲ್ಲಿ ತೆಗೆದುಕೊಂಡಿದ್ದರೆ ಬಿಡಿಸಿಕೊಂಡು ಬರುವುದು ದೊಡ್ಡ ರಗಳೆ. ಡಾಟ್ ಕಾಮ್ ಹೆಸರನ್ನು ಬೇರೆ ಕಡೆ ಒಯ್ಯಲು ಆಥ್ ಕೋಡ್ ಅನ್ನುವ ಗುಪ್ತ ಸಂಕೇತ ಬೇಕು. ಡೊಮೇನ್ ಹೆಸರುಗಳ ಮೇಲುಸ್ತುವಾರಿ ನೋಡುವ ಸಂಸ್ಥೆ ಐಕ್ಯಾನ್‌ನ ನಿಯಮದ ಪ್ರಕಾರ ಕೇಳಿದ 5 ದಿನದೊಳಗೆ ಅವರು ಅದನ್ನು ಕೊಡಲೇಬೇಕು. ಕೊಡದೆ ಆಟ ಆಡಿಸಿದರೆ ಐಕ್ಯಾನ್‌ಗೆ ನೇರವಾಗಿ ದೂರು ಕೊಡಬಹುದು. ಡೊಮೇನ್ ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ ಅಂತ ಸೀಸನ್ನಿಗೆ ಮುಂಚೆಯೇ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಹೋಮ್‌ಸ್ಟೇಗಳದ್ದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲೇ ಇದೆ. ಅವನು ಈಗ ಎಲ್ಲಿದ್ದಾನೋ ಮಾಲೀಕರಿಗೇ ಗೊತ್ತಿಲ್ಲ.