ಒಂದು ಬಳ್ಳಿ, ಮೂರು ಚಟ್ಟಿ, ಒಂದು ಬಾಟಲಿ: ಕಾಸರಗೋಡಿನ ಮಳೆಗಾಲದಲ್ಲಿ ಮಾನ್‌ಸ್ಟೆರಾ

ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಗೆ ಪೂರ್ವಕ್ಕೆ ಎರಡು ಕಿಟಕಿ, ಮಾಡಿನಲ್ಲಿ ಒಂದು ಗಾಜಿನ ಹಂಚು. ಒಳಗೆ ಗಿಡ ಇಡಲು ಇರುವ ಬೆಳಕು ಅಷ್ಟೇ. ಇದೇ ಜಾಗದಲ್ಲಿ ಮಾನ್‌ಸ್ಟೆರಾ ಎಂಬ ಸೀಳೆಲೆಯ ಅಲಂಕಾರದ ಬಳ್ಳಿ ಎರಡು ಕಳೆದುಕೊಂಡಿದ್ದೇನೆ, ಎರಡೂ ಆಟಿ ತಿಂಗಳಲ್ಲೇ. ಬೇಸಗೆಯಲ್ಲಿ ಮಿರಮಿರ ಮಿಂಚುತ್ತಿದ್ದ ಎಲೆ ಜುಲೈಯಲ್ಲಿ ಹಳದಿ ತಿರುಗಿತು; ಬುಡ ಮುಟ್ಟಿದರೆ ಬೆಂದ ಗೆಡ್ಡೆಯ ಹಾಗೆ ಮೆತ್ತಗೆ. ಗಿಡ ಕೊಟ್ಟವರು ‘ನೀರು ಹೆಚ್ಚಾಯಿತು’ ಎಂದರು. ಎರಡನೆಯದಕ್ಕೆ ನಾನು ನೀರು ಹಾಕುತ್ತಿದ್ದದ್ದು ಹನ್ನೆರಡು ದಿನಕ್ಕೊಮ್ಮೆ. ಅದೂ ಹೆಚ್ಚೆಂದರೆ ನಂಬುವುದು ಹೇಗೆ? ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣಿನ ಕಡೆ ನನ್ನ ಅನುಮಾನ ತಿರುಗಿತು.

ಹಾಗಾಗಿ ಕಳೆದ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬದ ಮರುದಿನ ಪೆರ್ಲದ ನೆಂಟರ ಮನೆಯ ಒಂದೇ ಬಳ್ಳಿಯಿಂದ ನಾಲ್ಕು ತುಂಡು ತಂದೆ. ಪ್ರತಿ ತುಂಡಿಗೆ ಎರಡು ಗಂಟು, ಒಂದು ಎಲೆ, ಒಂದೊಂದು ಗಾಳಿಬೇರು. ಕತ್ತರಿಸುವಾಗ ಕೈಗೆ ಎಣ್ಣೆ ಸವರಿಕೊಂಡಿದ್ದೆ. ಇದು ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದೇ ಗಿಡ. ರಸದಲ್ಲಿ ಅದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿವೆ, ಅದೇ ತುರಿಕೆ. ಮಗು, ಬೆಕ್ಕು ಇರುವ ಮನೆಯವರು ಎತ್ತರದಲ್ಲಿಡಬೇಕು.

ಮೂರು ತುಂಡು ಎಂಟು ಇಂಚಿನ ಮಣ್ಣಿನ ಚಟ್ಟಿಗೆ ಹೋದವು. ಒಂದಕ್ಕೆ ಅಂಗಳದ ಕೆಂಪು ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ. ಇನ್ನೊಂದಕ್ಕೆ ಪೇಟೆಯಿಂದ ತಂದ ಕೊಕೊಪೀಟ್ ಎಂಬ ತೆಂಗಿನ ಹುಡಿಯ ಇಟ್ಟಿಗೆ. ಮೂರನೆಯದಕ್ಕೆ ನಮ್ಮದೇ ತೋಟದ ತೆಂಗಿನ ಸಿಪ್ಪೆಯ ತುಂಡು, ಜೊತೆಗೆ ಗೆರಟೆ ಇದ್ದಿಲು. ನಾಲ್ಕನೆಯದು ಬಾವಿನೀರು ತುಂಬಿದ ಬಾಟಲಿಯಲ್ಲಿ. ನಾಲ್ಕೂ ಒಂದೇ ಕಿಟಕಿಯ ಕೆಳಗೆ. ವಾರಕ್ಕೊಮ್ಮೆ ಜಾಗ ಅದಲುಬದಲು.

ಬಾಟಲಿಯದು ಬೇಗ ಮುಗಿಸುತ್ತೇನೆ. ಬೇರು ನೋಡಲು ಅದರಷ್ಟು ಚಂದ ಬೇರೆ ಇಲ್ಲ. ಮೂರೇ ವಾರದಲ್ಲಿ ಬಿಳಿ ಬೇರು ಇಳಿಯಿತು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿದ್ದರಿಂದ ಕೊಳೆತ ವಾಸನೆಯೂ ಬರಲಿಲ್ಲ. ಆದರೆ ದೀಪಾವಳಿಯ ತನಕ ಬಂದದ್ದು ಒಂದೇ ಎಲೆ, ಅದೂ ಅಂಗೈಯಗಲ. ಬೇರು ಬರಿಸಲು ಬಾಟಲಿ ಒಳ್ಳೆಯದು, ಸಂಸಾರಕ್ಕೆ ಸಾಲದು.

ಮಣ್ಣು ತುಂಬಿದ ಚಟ್ಟಿ ಮೇ ಕೊನೆಯ ಪತ್ತನಾಜೆಯ ತನಕ ಎಲ್ಲರಿಗಿಂತ ಮುಂದಿತ್ತು. ಎರಡು ಎಲೆ, ಕಡು ಹಸಿರು. ‘ಊರ ಮಣ್ಣಿಗೆ ಸಮ ಯಾವುದೂ ಇಲ್ಲ’ ಎಂದು ಅಮ್ಮ ಹೇಳಿದ್ದನ್ನು ನಾನೂ ಒಪ್ಪಿದ್ದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಳಗಿನ ಬೆಳಕು ಅರ್ಧಕ್ಕಿಳಿಯಿತು, ಗಾಳಿಯಲ್ಲಿ ಪಸೆ ತುಂಬಿತು, ಗಿಡ ನೀರು ಕುಡಿಯುವುದೇ ಕಡಿಮೆಯಾಯಿತು. ಮುರಕಲ್ಲು (ಜಂಬಿಟ್ಟಿಗೆ) ಪ್ರದೇಶದ ಮಣ್ಣಿನಲ್ಲಿ ಸಣ್ಣ ಜೇಡಿಯ ಕಣ ಬಹಳ. ನೀರು ಬಿದ್ದಂತೆ ಅದು ಕೆಳಗೆ ಕೂತು ಗಟ್ಟಿಯಾಗುತ್ತದೆ. ಮೇಲೆ ಹಾವಸೆ ಕಟ್ಟಿತು. ಹಾಕಿದ ನೀರು ಇಂಗದೆ ಒಂದು ನಿಮಿಷ ಹಾಗೇ ನಿಲ್ಲುತ್ತಿತ್ತು. ಆಟಿಯ ಮಧ್ಯದಲ್ಲಿ ಕೆಳಗಿನ ಎಲೆ ಹಳದಿಯಾಯಿತು. ಈ ಬಾರಿ ಕಾಯಲಿಲ್ಲ, ಕಿತ್ತು ನೋಡಿದೆ. ಬೇರು ಕಂದು, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಉಳಿಯಿತು. ಅಡಿಕೆಯ ಕೊಳೆರೋಗವನ್ನೂ ಕಾಳುಮೆಣಸಿನ ಶೀಘ್ರ ಸೊರಗುರೋಗವನ್ನೂ ತರುವ ಫೈಟೊಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ, ಅದರ ನೆಂಟ ಪಿತಿಯಮ್, ಇಂಥವು ಬೇರಿಗೆ ತಗಲಲು ನಿಂತ ನೀರೇ ದಾರಿ. ತೋಟದಲ್ಲಿ ಬಸಿಗಾಲುವೆ ಬಿಡಿಸದೆ ಮಳೆಗಾಲಕ್ಕೆ ಹೋಗದ ನಾವು, ಚಟ್ಟಿಯೊಳಗೆ ಅದನ್ನೇ ಮರೆಯುತ್ತೇವೆ. ಕೊಳೆತ ಬೇರು ಕತ್ತರಿಸಿ ಆ ತುಂಡನ್ನು ಉಳಿಸಿಕೊಂಡೆ, ಎಲೆ ಒಂದು ಹೋಯಿತು.

ಕೊಕೊಪೀಟಿನ ಮೇಲೆ ನನಗೆ ಹೆಚ್ಚು ನಂಬಿಕೆ ಇತ್ತು. ಹಗುರ, ಶುಚಿ, ಎಲ್ಲರೂ ಹೇಳುವುದು ಅದನ್ನೇ. ನಾರು ತೆಗೆದ ಮೇಲೆ ಉಳಿಯುವ ಹುಡಿಯನ್ನು ಒತ್ತಿ ಮಾಡುವ ಇಟ್ಟಿಗೆ ಅದು. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ಬೇಸಗೆಗೆ ಇದು ವರ. ಮಳೆಗಾಲದಲ್ಲಿ ಮಾತ್ರ ಮೇಲ್ಮೈ ಒಣಗಿದಂತೆ ಕಾಣುತ್ತದೆ, ಬೆರಳು ಆಳಕ್ಕೆ ಹಾಕಿದರೆ ಒದ್ದೆ ಬಟ್ಟೆ. ಜುಲೈ ಹೊತ್ತಿಗೆ ಸಣ್ಣ ಕಪ್ಪು ನುಸಿಗಳು ಚಟ್ಟಿಯ ಸುತ್ತ ಹಾರತೊಡಗಿದವು.

ನನ್ನನ್ನು ಹೆಚ್ಚು ಕಾಡಿದ್ದು ಎಲೆತುದಿಯ ಕಂದು. ಮೂರು ಎಲೆ ಬಂತು, ಮೂರಕ್ಕೂ ಅಂಚು ಸುಟ್ಟಂತೆ. ತೆಂಗಿನ ಹುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಇದ್ದೇ ಇರುತ್ತವೆ. ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿದ್ದರೆ ಉಪ್ಪು ಇನ್ನೂ ಹೆಚ್ಚು. ಬರೀ ನೀರಲ್ಲಿ ತೊಳೆದರೆ ಕರಗಿದ ಉಪ್ಪು ಹೋಗುತ್ತದೆ, ಕಣಕ್ಕೆ ಅಂಟಿದ್ದು ಉಳಿಯುತ್ತದೆ. ಆಮೇಲೆ ಆ ಕಣ ನಾವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಡುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಧಾರಾಳ, ಅಲ್ಲಿ ಈ ಕೊರತೆ ಅಷ್ಟು ಕಾಣದು. ನಮ್ಮ ಮುರಕಲ್ಲಿನ ಬಾವಿಯದ್ದು ಮೆದು ನೀರು. ಬೇಳೆ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆಯುತ್ತದೆ, ಗಿಡಕ್ಕೆ ಮಾತ್ರ ಕ್ಯಾಲ್ಸಿಯಂ ಸಿಗುವುದಿಲ್ಲ. ಬೇರೆ ಊರಿನವರ ಸಲಹೆ ನಮ್ಮಲ್ಲಿ ಯಾಕೆ ಕೈಕೊಡುತ್ತದೆ ಎಂಬುದು ನನಗೆ ಅರ್ಥವಾದದ್ದು ಇಲ್ಲಿ. ಲೀಟರಿಗೆ ಒಂದು ಗ್ರಾಮ್ ಕ್ಯಾಲ್ಸಿಯಂ ನೈಟ್ರೇಟ್ ಹದಿನೈದು ದಿನಕ್ಕೊಮ್ಮೆ ಕೊಟ್ಟ ಮೇಲೆ ನಾಲ್ಕನೆಯ ಎಲೆ ಅಂಚು ಸುಡದೆ ಬಿಚ್ಚಿತು. ಕೊಕೊಪೀಟನ್ನು ಬಳಸುವ ಮೊದಲೇ ಕ್ಯಾಲ್ಸಿಯಂ ನೈಟ್ರೇಟಿನ ನೀರಿನಲ್ಲಿ ಒಂದು ದಿನ ನೆನೆಸಿ ತೊಳೆದಿದ್ದರೆ ಆ ಮೂರು ಎಲೆ ಉಳಿಯುತ್ತಿದ್ದವು.

ಸಿಪ್ಪೆಯ ಚಟ್ಟಿಯ ಯೋಚನೆ ಬಂದದ್ದು ಮರಕೆಸುವಿನಿಂದ. ಆಟಿಯಲ್ಲಿ ಪತ್ರೊಡೆಗೆ ಅದನ್ನು ಕೊಯ್ಯಲು ಹೋದವರಿಗೆ ಗೊತ್ತು: ಹಲಸಿನ, ಮಾವಿನ ಕವಲಲ್ಲಿ, ಹಾವಸೆಯ ಮೇಲೆ, ಹಿಡಿಮಣ್ಣೂ ಇಲ್ಲದೆ ನಿಂತಿರುತ್ತದೆ. ಸುರಿಯುವ ಮಳೆಯಲ್ಲಿ ಮೂರು ತಿಂಗಳು ನೆನೆದರೂ ಕೊಳೆಯುವುದಿಲ್ಲ, ಏಕೆಂದರೆ ನೀರು ಹರಿದು ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ದಕ್ಷಿಣ ಮೆಕ್ಸಿಕೊದಿಂದ ಪನಾಮಾ ತನಕದ ಕಾಡಿನ ಮಾನ್‌ಸ್ಟೆರಾ ಕೂಡ ಮರ ಹತ್ತುವ ಬಳ್ಳಿ. ಅದಕ್ಕೆ ಬೇಕಾದದ್ದೂ ಇದೇ.

ಒಣ ಸಿಪ್ಪೆಯನ್ನು ಕತ್ತಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಕತ್ತರಿಸಿ, ಬಾಲ್ದಿಯಲ್ಲಿ ನೆನೆಹಾಕಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ. ಮೊದಲ ನೀರು ಚಹಾದ ಬಣ್ಣ. ಹತ್ತು ದಿನಕ್ಕೆ ತಿಳಿಯಾಯಿತು. ಆ ಚೊಗರು ಇಳಿಯದೆ ನೆಡಬಾರದು. ಮೊದಲ ತಿಂಗಳು ಈ ಗಿಡ ಎಲ್ಲರಿಗಿಂತ ಹಿಂದೆ, ಎಲೆಯೇ ಇಲ್ಲ. ಮಳೆ ಹಿಡಿದ ಮೇಲೆ ಉಳಿದವು ನಿಂತವು, ಇದು ಹೊರಟಿತು. ಹಾಕಿದ ನೀರು ಆ ಕ್ಷಣವೇ ತಟ್ಟೆಗಿಳಿಯುತ್ತಿತ್ತು. ಬೆಳಗ್ಗೆ ಎಲೆತುದಿಯಲ್ಲಿ ಕೆಸುವಿನಲ್ಲಿ ಕಾಣುವಂಥದೇ ನೀರಿನ ಹನಿ. ದೀಪಾವಳಿಗೆ ನಾಲ್ಕು ಎಲೆ, ಕೊನೆಯ ಎರಡಕ್ಕೆ ಸೀಳು ಬಂದಿತ್ತು.

ದೋಷ ಇದರಲ್ಲೂ ಇದೆ. ಇನ್ನೂ ಕೊಳೆಯದ ಸಿಪ್ಪೆಯನ್ನು ಕೊಳೆಸುವ ಸೂಕ್ಷ್ಮಾಣುಗಳು ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ, ಎಲೆ ಸೆಪ್ಟೆಂಬರಿನಲ್ಲಿ ಬಿಳಚಿತು. ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ನಮ್ಮ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ರೈತರಿಗೆ ಕಲಿಸಿದೆ. ನಮ್ಮ ಮನೆಯಲ್ಲೂ ಆ ಗುಂಡಿ ಇದೆ. ಅದರಿಂದ ತಿಂಗಳಿಗೆ ಎರಡು ಮುಷ್ಟಿ ಹಾಕಿದೆ, ಹಸಿರು ತಿರುಗಿತು. ಮಾರ್ಚಿನ ಸೆಕೆಯಲ್ಲಿ ಈ ಚಟ್ಟಿ ಎರಡು ದಿನವೂ ತಾಳುವುದಿಲ್ಲ. ವಾರಗಟ್ಟಲೆ ಮನೆ ಬಿಟ್ಟು ಹೋಗುವವರು ಇದನ್ನು ಆರಿಸಬೇಡಿ, ಸರಿಯಾಗಿ ತೊಳೆದ ಕೊಕೊಪೀಟೇ ಅವರಿಗೆ ಮೇಲು.

ಆಸರೆಯ ಬಗ್ಗೆ ಒಂದೇ ಮಾತು. ನಾರು ಸುತ್ತಿದ ಅಂಗಡಿಯ ಕೋಲಿಗಿಂತ, ಅಡಿಕೆ ಸಲಕೆಗೆ ಹಳೆಯ ಹುರಿಹಗ್ಗ ಸುತ್ತಿದ್ದು ನನ್ನಲ್ಲಿ ಚೆನ್ನಾಗಿ ಹಿಡಿಯಿತು. ಗಂಟಿನ ಬೇರು ಮೆಣಸಿನ ಬಳ್ಳಿಯ ಹಾಗೆ ಅಂಟಿಕೊಂಡಿತು. ಅಂಟಿಕೊಂಡ ಮೇಲೆ ಬಂದ ಎಲೆ ದೊಡ್ಡದಾಯಿತು.

ಈಗ ನಾಲ್ಕಕ್ಕೂ ಒಂದೇ ಮಿಶ್ರಣ ಮಾಡುತ್ತಿದ್ದೇನೆ: ಅರ್ಧ ಸಿಪ್ಪೆ, ಕಾಲು ತೊಳೆದ ಕೊಕೊಪೀಟ್, ಉಳಿದ ಕಾಲು ಇದ್ದಿಲು ಮತ್ತು ಎರೆಗೊಬ್ಬರ. ಕೆಂಪು ಮಣ್ಣು ಬೇಡವೇ ಬೇಡ. ಪತ್ತನಾಜೆಗೆ ಇನ್ನು ಎರಡು ವಾರ ಇದೆ. ಹಿತ್ತಿಲಲ್ಲಿ ನೆನೆಹಾಕಿದ ಬಾಲ್ದಿಯ ನೀರು ಇನ್ನೂ ಕೆಂಪಾಗಿಯೇ ಇದೆ, ನಾಳೆ ಮತ್ತೊಮ್ಮೆ ಬದಲಿಸಬೇಕು.