ಮಸ್ಟಾಂಗ್ ಮ್ಯಾಕ್ 1ಕ್ಕೆ ಅಸಲಿ ಪಾರ್ಟ್: ವರದಿ, ಪುಸ್ತಕ, ಹಳೇ ಕಾರು, ಯಾವುದನ್ನು ನಂಬೋದು?

ಡೆಟ್ರಾಯಿಟ್ ಸುತ್ತಮುತ್ತ ಇರುವವರಿಗೆ ಒಂದು ಅನುಕೂಲ ಇದೆ. ಹಳೇ ಕಾರಿನ ಹುಚ್ಚು ಹಿಡಿದರೆ ಇಲ್ಲಿ ಯಾರೂ ವಿಚಿತ್ರವಾಗಿ ನೋಡಲ್ಲ. ನನ್ನದು ಫೋರ್ಡ್ ಕಂಪನಿಯ 1969ರ ಮಸ್ಟಾಂಗ್ ಮ್ಯಾಕ್ 1. ಇಂಜಿನ್ 351 ಘನ ಇಂಚಿನದು, ನಾಲ್ಕು ಬ್ಯಾರೆಲ್ (ಗಾಳಿ ಒಳಹೋಗುವ ನಾಲ್ಕು ಕೊಳವೆ) ಕಾರ್ಬೊರೇಟರ್. ಪಕ್ಕದ ಡಿಯರ್‌ಬಾರ್ನ್ ಫ್ಯಾಕ್ಟರಿಯಲ್ಲೇ ತಯಾರಾದ ಗಾಡಿ. ಹಲವು ಕೈ ದಾಟಿ ಬಂದಿದೆ, ಹಾಗಾಗಿ ಬಾನೆಟ್ ಎತ್ತಿದರೆ ಯಾವುದು ಫ್ಯಾಕ್ಟರಿದು, ಯಾವುದು ಆಮೇಲೆ ಕೂರಿಸಿದ್ದು ಅಂತ ಮೇಲ್ನೋಟಕ್ಕೆ ಗೊತ್ತಾಗಲ್ಲ. ಅದನ್ನು ತಿಳಿಯೋಕೆ ಮೂರು ದಾರಿ ಹಿಡಿದೆ: ಫ್ಯಾಕ್ಟರಿ ದಾಖಲೆಯ ವರದಿ, ಫೋರ್ಡ್‌ನ ಪಾರ್ಟ್ಸ್ ಪುಸ್ತಕ, ಮತ್ತೆ ಯಾರೂ ಬಿಚ್ಚದೇ ಉಳಿದ ಹಳೇ ಕಾರುಗಳು.

ಮೊದಲು ವರದಿ. 1967ರ ಮಾಡೆಲ್‌ನಿಂದ ಈಚಿನ ಫೋರ್ಡ್ ಕಾರುಗಳ ತಯಾರಿಕೆಯ ದಾಖಲೆ ಅರಿಝೋನಾದ ಮಾರ್ಟಿ ಆಟೊ ವರ್ಕ್ಸ್ ಹತ್ತಿರ ಇದೆ, ಫೋರ್ಡ್ ಲೈಸೆನ್ಸ್ ಪಡೆದೇ ಇಟ್ಟುಕೊಂಡಿದ್ದಾರೆ. ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್ ಕೊಟ್ಟು ದುಡ್ಡು ಕಟ್ಟಿದರೆ ಮಾರ್ಟಿ ರಿಪೋರ್ಟ್ ಬರುತ್ತದೆ. ಸ್ಟ್ಯಾಂಡರ್ಡ್, ಡಿಲಕ್ಸ್, ಎಲೀಟ್ ಅಂತ ಮೂರು ಬಗೆ. ಬಣ್ಣ, ಇಂಜಿನ್, ಗೇರ್‌ಬಾಕ್ಸ್, ಆಪ್ಷನ್‌ಗಳು ಸ್ಟ್ಯಾಂಡರ್ಡ್‌ನಲ್ಲೇ ಸಿಗುತ್ತವೆ. ಆದರೆ ಡಿಲಕ್ಸ್‌ನಲ್ಲಿ ಕಾರು ನಿಜವಾಗಿ ತಯಾರಾದ ತಾರೀಖು ಇರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೂ ಅದನ್ನೇ ತಗೊಳ್ಳಿ. ಎಲೀಟ್ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕೋಕೆ ಚೆನ್ನಾಗಿದೆ, ಅಷ್ಟೇ.

ಆ ತಾರೀಖು ಯಾಕೆ ಮುಖ್ಯ ಅಂದರೆ, ಎರಕ ಹೊಯ್ದ ಭಾಗಗಳ ಮೇಲೂ ತಾರೀಖಿನ ಸಂಕೇತ ಇರುತ್ತದೆ. ಫೋರ್ಡ್ ಬ್ಲಾಕ್ (ಇಂಜಿನ್ನಿನ ಮುಖ್ಯ ಎರಕದ ಭಾಗ) ಮೇಲೆ '9ಸಿ14' ಅಂತಿದ್ದರೆ 1969, ಮಾರ್ಚ್ 14; 'ಸಿ' ಅಂದರೆ ಮೂರನೇ ತಿಂಗಳು. ಎರಕ ಆಗಿ, ಇಂಜಿನ್ ಜೋಡಿಸಿ, ಅದು ಕಾರಿಗೆ ಕೂರೋಕೆ ಸಮಯ ಹಿಡಿಯುತ್ತದೆ. ಹಾಗಾಗಿ ಬ್ಲಾಕಿನ ತಾರೀಖು ಕಾರಿನ ತಾರೀಖಿಗಿಂತ ಸ್ವಲ್ಪ ಹಿಂದೆ ಇರಬೇಕು. ಮುಂದೆ ಇದ್ದರೆ ಅದು ಬೇರೆ ಬ್ಲಾಕ್, ವಾದವೇ ಬೇಡ.

ನನ್ನ ಗೆಳೆಯನೊಬ್ಬನ ಹತ್ತಿರ ಅದೇ ವರ್ಷದ ಕ್ಯಾಮರೊ ಇದೆ, ಜಿಎಂ (ಜನರಲ್ ಮೋಟರ್ಸ್) ಕಂಪನಿಯ ಷೆವರ್ಲೆ ಕಾರು. ಪಾಪ, ಅವನಿಗೆ ಈ ಸುಖ ಇಲ್ಲ. ಜಿಎಂನಲ್ಲೇ ಪಾಂಟಿಯಾಕ್ ಕಾರುಗಳಿಗೆ, ಉದಾಹರಣೆಗೆ ಜಿಟಿಒ ಮಾಡೆಲ್ ಇಟ್ಟುಕೊಂಡವರಿಗೆ, 1961ರಿಂದ 86ರವರೆಗಿನ ದಾಖಲೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಅನ್ನೋ ಸಂಸ್ಥೆಯಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಮಾರಾಟವಾದ ಕ್ಯಾಮರೊಗೆ ಅಂಥದ್ದೇನೂ ಇಲ್ಲ. ಇಂಜಿನ್ ಬ್ಲಾಕ್ ಮುಂಭಾಗದಲ್ಲಿ ಒತ್ತಿದ ಅಕ್ಷರಗಳೇ ಗತಿ. 'ವಿ0312ಡಿಝಡ್' ಅಂದರೆ ಫ್ಲಿಂಟ್ ಫ್ಯಾಕ್ಟರಿ, ಮಾರ್ಚ್ 12, ಕ್ಯಾಮರೊದ ಝಡ್28 ಮಾಡೆಲ್‌ನ 302 ಇಂಜಿನ್. ತೊಂದರೆ ಏನಂದರೆ, ಆ ಜಾಗ ಉಜ್ಜಿ ಹೊಸದಾಗಿ ಅಕ್ಷರ ಒತ್ತುವವರೂ ಇದ್ದಾರೆ. ಅಸಲಿ ಬ್ಲಾಕಿನಲ್ಲಿ ಅಲ್ಲಿ ಯಂತ್ರ ಕೊರೆದ ಸಣ್ಣ ನೇರ ಗೆರೆಗಳಿರುತ್ತವೆ. ಉಜ್ಜಿದರೆ ಅವು ಹೋಗುತ್ತವೆ. ಈಗ ಆ ಗೆರೆಗಳನ್ನೂ ನಕಲು ಮಾಡ್ತಾರೆ ಬಿಡಿ! ಇನ್ನೊಂದು ಗೊಂದಲ: ಜಿಎಂ ಎರಕದ ತಾರೀಖಿನಲ್ಲಿ ತಿಂಗಳು ಮೊದಲು, ವರ್ಷ ಕೊನೆಗೆ. ಫೋರ್ಡ್‌ನ '9ಸಿ14' ಅವರಲ್ಲಿ 'ಸಿ149' ಆಗುತ್ತದೆ. ಫೋರ್ಡ್‌ನವರು 'ಐ' ಅಕ್ಷರ ಬಿಟ್ಟಿದ್ದಾರೆ, ಹಾಗಾಗಿ ಸೆಪ್ಟೆಂಬರ್‌ಗೆ 'ಜೆ'. ಜಿಎಂನಲ್ಲಿ ಸೆಪ್ಟೆಂಬರ್ ಅಂದರೆ 'ಐ'.

ಮತ್ತೆ ನನ್ನ ಫೋರ್ಡ್‌ಗೆ ಬರೋಣ. ಮಾರ್ಟಿ ವರದಿಗೂ ಒಂದು ಮಿತಿ ಇದೆ. ನಾಲ್ಕು ಬ್ಯಾರೆಲ್ ಇಂಜಿನ್ ಅನ್ನುತ್ತದೆ. ಯಾವ ನಂಬರಿನ ಕಾರ್ಬೊರೇಟರ್, ಯಾವ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಅನ್ನೋದಿಲ್ಲ.

ಅದಕ್ಕೆ ಪುಸ್ತಕ ಬೇಕು. 1965ರಿಂದ 72ರವರೆಗಿನ ಕಾರುಗಳಿಗೆ ಫೋರ್ಡ್ ಅಚ್ಚು ಹಾಕಿದ ಮಾಸ್ಟರ್ ಪಾರ್ಟ್ಸ್ ಕ್ಯಾಟಲಾಗ್ ಈಗ ಡಿಜಿಟಲ್ ರೂಪದಲ್ಲೂ ಸಿಗುತ್ತದೆ. ಬಲು ಉಪಯೋಗದ ಪುಸ್ತಕ, ಆದರೆ ನಮ್ಮಂಥವರಿಗಾಗಿ ಬರೆದದ್ದಲ್ಲ. ಡೀಲರ್ ಕೌಂಟರ್‌ನಲ್ಲಿ ನಿಂತು ಪಾರ್ಟ್ ಮಾರುವವನಿಗಾಗಿ ಬರೆದದ್ದು. ಅದರಲ್ಲಿ ಮಸ್ಟಾಂಗ್ ಕಾರ್ಬೊರೇಟರ್ ನಂಬರ್ 'ಸಿ9ಝಡ್‌ಝಡ್-9510' ಅಂತ ಶುರುವಾಗುತ್ತದೆ. 'ಸಿ' ಅಂದರೆ ಅರವತ್ತರ ದಶಕ, 9 ವರ್ಷ, ಮೊದಲ 'ಝಡ್' ಮಸ್ಟಾಂಗ್, 9510 ಕಾರ್ಬೊರೇಟರ್. ಎರಡನೇ 'ಝಡ್' ಇದು ಅಂಗಡಿಯಲ್ಲಿ ಮಾರುವ ನಂಬರ್ ಅಂತ ಹೇಳುತ್ತದೆ. ಕಾರ್ಬೊರೇಟರ್ ಮೇಲಿನ ಪುಟ್ಟ ತಗಡಿನ ಬಿಲ್ಲೆಯಲ್ಲಿ ಮಾತ್ರ ಇಂಜಿನಿಯರಿಂಗ್ ನಂಬರ್, 'ಸಿ9ಝಡ್‌ಎಫ್' ಅಂತ. ಎರಡೂ ಹೊಂದಲಿಲ್ಲ ಅಂತ ಅಸಲಿ ಪಾರ್ಟನ್ನೇ ಮಾರಿಬಿಟ್ಟವರಿದ್ದಾರೆ. ಇಂಜಿನ್ ಬ್ಲಾಕ್ ನೋಡಿದರೆ ಇನ್ನೂ ಗಾಬರಿ. ನನ್ನ 351ರ ಬ್ಲಾಕಿನಲ್ಲಿ 'ಸಿ9ಒಇ-6015-ಬಿ' ಅಂತಿದೆ. 'ಒ' ಅಂದರೆ ಫೇರ್‌ಲೇನ್, ಟೊರಿನೊ ಸಾಲು. ಹಾಗಂತ ಟೊರಿನೊದಿಂದ ಕಿತ್ತು ತಂದದ್ದಲ್ಲ. ಆ ವರ್ಷದ 351 ವಿಂಡ್ಸರ್ (ನನ್ನ ಇಂಜಿನ್ ಬಗೆಯ ಹೆಸರು) ಬ್ಲಾಕುಗಳ ನಂಬರೇ ಅದು, ಮಸ್ಟಾಂಗ್‌ಗೂ ಅದೇ.

ಪುಸ್ತಕದ ದೊಡ್ಡ ಮೋಸ ಬೇರೆ ಇದೆ. ವರ್ಷ ಕಳೆದಂತೆ ಫೋರ್ಡ್ ಹಳೇ ನಂಬರ್ ತೆಗೆದು ಹೊಸದು ಹಾಕುತ್ತಿತ್ತು. ಮೂರು ಬಗೆಯ ಪಾರ್ಟ್‌ಗೆ ಬದಲಾಗಿ ಎಲ್ಲಕ್ಕೂ ಹೊಂದುವ ಒಂದೇ ಪಾರ್ಟ್. ಅದಕ್ಕೇ ಎನ್‌ಒಎಸ್ (ನ್ಯೂ ಓಲ್ಡ್ ಸ್ಟಾಕ್) ಅಂತ ದುಬಾರಿ ಬೆಲೆಗೆ ಮಾರುವ, ಡಬ್ಬಿಯಿಂದ ಹೊರಗೇ ಬರದ ಹಳೇ ಸ್ಟಾಕ್ ಕೂಡ ಅಸೆಂಬ್ಲಿ ಲೈನಿನಲ್ಲಿ ಕೂರಿಸಿದಂಥದ್ದೇ ಆಗಿರಬೇಕೆಂದಿಲ್ಲ. ಡಬ್ಬಿ ನೋಡಿ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಫೋರ್ಡ್ ತನ್ನ ಪಾರ್ಟ್‌ಗಳಿಗೆ ಹಾಕುತ್ತಿದ್ದ ಆಟೊಲೈಟ್ ಹೆಸರು ಬಿಡಬೇಕಾಯಿತು. ಡಬ್ಬಿ ಮೇಲೆ ಅದರ ಬದಲು ಬಂದ ಮೋಟರ್‌ಕ್ರಾಫ್ಟ್ ಹೆಸರಿದ್ದರೆ 1969ರ ಲೈನಿನ ಮಾಲಲ್ಲ. ನಂಬರ್ 'ಡಿ'ಯಿಂದ ಶುರುವಾದರೆ ಎಪ್ಪತ್ತರ ದಶಕದ್ದು. ಹೊಸದೇ ಇರಬಹುದು, ನಿಮ್ಮ ಕಾರಿನದ್ದಲ್ಲ.

ಮೂರನೇ ದಾರಿಗೆ ನನ್ನ ಪೂರ್ತಿ ಓಟು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಪ್ರತಿ ಬೇಸಿಗೆ ಫೋರ್ಡ್ ಕಾರುಗಳ ಜಾತ್ರೆ ನಡೆಯುತ್ತದೆ. ಹಳೇ ಪಾರ್ಟ್‌ಗಳ ಸಂತೆಯೂ ಅಲ್ಲೇ. ಥಳಥಳ ಹೊಳೆಯುವ ಕಾರುಗಳ ಮುಂದೆ ಗುಂಪು. ನಾನು ಹುಡುಕುವುದು ಬಣ್ಣ ಮಾಸಿದ, ಯಾರೂ ಕೈ ಹಾಕದ ಗಾಡಿಗಳನ್ನು. ಬೋಲ್ಟ್ ತಲೆಯ ಮೇಲೆ ಬೋಲ್ಟ್ ತಯಾರಿಸಿದವರ 'ಆರ್‌ಬಿಡಬ್ಲ್ಯೂ' ಗುರುತು, ಫೈರ್‌ವಾಲ್ (ಇಂಜಿನ್ ಹಿಂದಿನ ತಗಡಿನ ಗೋಡೆ) ಮೇಲೆ ಫ್ಯಾಕ್ಟರಿಯವರು ಬಳಪದಲ್ಲಿ ಗೀಚಿದ ಅಂಕಿ, ವೈರಿಂಗ್ ಯಾವ ಕ್ಲಿಪ್ಪಿನ ಕೆಳಗೆ ಹಾದಿದೆ, ಯಾವ ಭಾಗಕ್ಕೆ ಬಣ್ಣ, ಯಾವುದು ಬರೀ ಕಬ್ಬಿಣ. ಇದನ್ನು ಯಾವ ವರದಿಯೂ ಹೇಳಲ್ಲ. ಮಾಲೀಕರನ್ನು ಕೇಳಿದರೆ ಟಾರ್ಚ್ ಕೊಟ್ಟು ಕೆಳಗೆ ತೂರಿ ನೋಡಿ ಅನ್ನುತ್ತಾರೆ. ಒಂದೇ ಷರತ್ತು: ನೋಡುವ ಕಾರು ನಿಮ್ಮದೇ ಫ್ಯಾಕ್ಟರಿಯದಾಗಿರಬೇಕು, ತಿಂಗಳೂ ಹತ್ತಿರವಿರಬೇಕು. ವಿಐಎನ್‌ನಲ್ಲಿ 'ಎಫ್' ಇದ್ದರೆ ಡಿಯರ್‌ಬಾರ್ನ್, 'ಆರ್' ಇದ್ದರೆ ಸ್ಯಾನ್ ಹೊಸೆ, 'ಟಿ' ಇದ್ದರೆ ಮೆಟುಚೆನ್. ತಳಕ್ಕೆ ಬಳಿದ ಪ್ರೈಮರ್ ಬಣ್ಣ ಕೂಡ ಒಂದೊಂದು ಕಡೆ ಒಂದೊಂದು ಥರ.

ಕೊಳ್ಳುವ ವಿಷಯಕ್ಕೆ ಬಂದರೆ, ಸರಿಯಾದ ನಂಬರ್, ಸರಿಯಾದ ತಾರೀಖಿನ ಸವೆದ ಪಾರ್ಟನ್ನು ರಿಪೇರಿ ಮಾಡಿಸೋದೇ ನನಗಿಷ್ಟ. ಎನ್‌ಒಎಸ್ ಎರಡನೇದು. ಲೈಸೆನ್ಸ್ ಪಡೆದು ಈಗ ತಯಾರಿಸುವ ಪಾರ್ಟ್‌ಗಳು ಕಾರ್ಪೆಟ್, ಸ್ಟಿಕರ್, ಸೀಟ್ ಕವರ್‌ಗೆ ಸಾಕು. ಬ್ರೇಕ್ ಹೋಸ್‌ಗೆ ಮಾತ್ರ ಅಸಲಿ ಅಂತ ಹಠ ಹಿಡಿಯಬೇಡಿ. ಐವತ್ತು ವರ್ಷ ಡಬ್ಬಿಯಲ್ಲಿದ್ದ ರಬ್ಬರ್ ಡಬ್ಬಿಯಲ್ಲೇ ಇರಲಿ, ಅಂಗಡಿಯಿಂದ ಹೊಸದು ತಂದು ಹಾಕಿ.